ಫಲಿಸದ ಲಸಿಕೆ

ಸಿಡುಬಿಗೆ ದೇವಿ ಹಾಕುತ್ತಿದ್ದ ಕಾಲವನ್ನು ಕಂಡ ಹಿರಿಯರು ಇನ್ನೂ ಅನೇಕ ಮನೆಗಳಲ್ಲಿದ್ದಾರೆ. ಅವರ ತೋಳಿನ ಮೇಲಿನ ಕಲೆ ಇಂದಿಗೂ ಅಳಿದಿಲ್ಲ. ಆ ಲಸಿಕೆಯಲ್ಲಿ ಒಂದು ದೊಡ್ಡ ಅನುಕೂಲವಿತ್ತು. ಹಾಕಿದ ವಾರದೊಳಗೆ ತೋಳಿನ ಮೇಲೆ ಗುಳ್ಳೆ ಏಳುತ್ತಿತ್ತು. ಎದ್ದರೆ ಲಸಿಕೆ ಹತ್ತಿತೆಂದು ಅರ್ಥ. ಏಳದಿದ್ದರೆ ಮತ್ತೊಮ್ಮೆ ಹಾಕಬೇಕು. ಇದನ್ನು ಹೇಳುವುದಕ್ಕೆ ವೈದ್ಯರೇ ಬರಬೇಕಾಗಿರಲಿಲ್ಲ, ಮನೆಯ ಅಜ್ಜಿಯೂ ನೋಡಿ ಹೇಳಬಹುದಾಗಿತ್ತು. ನಮ್ಮ ದೇಶದಲ್ಲಿ ಸಿಡುಬು ಕೊನೆಯ ಸಲ ಕಾಣಿಸಿಕೊಂಡದ್ದು 1975ರಲ್ಲಿ. ಸಿಡುಬು ಹೋದ ಮೇಲೆ ಆ ಲಸಿಕೆಯೂ ನಿಂತಿತು. ಅದರೊಂದಿಗೆ, ಹಾಕಿದ ಲಸಿಕೆ ಹತ್ತಿತೋ ಇಲ್ಲವೋ ಎಂದು ನೋಡುವ ಅಭ್ಯಾಸವೂ ನಮ್ಮನ್ನು ಬಿಟ್ಟುಹೋಯಿತು.

ಈಗಿನ ಲಸಿಕೆಗಳು ಮೈಮೇಲೆ ಗುರುತು ಬಿಡುವುದು ಅಪರೂಪ. ಎರಡು ದಿನ ತೋಳು ನೋಯುತ್ತದೆ, ಅಷ್ಟೆ. ಸಾಮಾನ್ಯ ಜನರ ಮಟ್ಟಿಗೆ ಇದರಿಂದ ತೊಂದರೆಯೇನೂ ಇಲ್ಲ. ಆದರೆ ವೈದ್ಯಕೀಯ, ದಂತವೈದ್ಯ, ಶುಶ್ರೂಷೆ, ಪ್ರಯೋಗಶಾಲೆ ಈ ವಿದ್ಯೆಗಳನ್ನು ಕಲಿಯಲು ಹೋಗುವ ನಮ್ಮ ಮಕ್ಕಳ ಮಟ್ಟಿಗೆ ಒಂದು ಲಸಿಕೆಯ ವಿಷಯದಲ್ಲಿ ಹಳೆಯ ಅಜ್ಜಿಯ ಪ್ರಶ್ನೆಯನ್ನು ಮತ್ತೆ ಕೇಳಲೇಬೇಕಾಗಿದೆ. ಅದು ಹೆಪಟೈಟಿಸ್ ಬಿ ಎಂಬ ಕಾಮಾಲೆಯ ಲಸಿಕೆ. ಕಾಲೇಜಿಗೆ ಸೇರಿದಾಗ ಮೂರು ಚುಚ್ಚುಮದ್ದು ಹಾಕಿಸಿಕೊಂಡು, ಚೀಟಿಯಲ್ಲಿ ಮೂರು ತಾರೀಖುಗಳೂ ಮೂರು ರುಜುಗಳೂ ಬಿದ್ದವೆಂದರೆ ಕೆಲಸ ಮುಗಿಯಿತೆಂದು ವಿದ್ಯಾರ್ಥಿಯೂ ಭಾವಿಸುತ್ತಾನೆ, ತಂದೆ ತಾಯಿಗಳೂ ಭಾವಿಸುತ್ತಾರೆ. ಆದರೆ ಆರೋಗ್ಯವಂತರಾದ ಬೆಳೆದವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಈ ಮೂರು ಚುಚ್ಚುಮದ್ದುಗಳಿಂದ ರಕ್ಷಣೆ ಬರುವುದಿಲ್ಲ. ಅರುವತ್ತು ಮಂದಿಯ ತರಗತಿಯೆಂದರೆ, ಮೂವರಿಂದ ಆರು ಮಂದಿ ಬರಿಗೈಯಲ್ಲಿ ನಿಂತಂತೆ. ಅವರು ಯಾರು ಎಂಬುದು ಅವರ ಮುಖ ನೋಡಿದರೆ ತಿಳಿಯದು.

ಕಾಮಾಲೆಯಲ್ಲಿಯೂ ಬಗೆಗಳುಂಟು. ಕೊಳಕು ನೀರು, ಕೊಳಕು ಆಹಾರದಿಂದ ಬರುವ ಕಾಮಾಲೆ ಬೇರೆ. ಅದಕ್ಕೆ ಎ ಮತ್ತು ಇ ಎಂಬ ವೈರಸ್ಸುಗಳು ಕಾರಣ. ಬಿ ವೈರಸ್ಸು ರಕ್ತದ ಮೂಲಕ, ದೇಹಸಂಪರ್ಕದ ಮೂಲಕ, ತಾಯಿಯಿಂದ ಹೆರಿಗೆಯ ಕಾಲದಲ್ಲಿ ಮಗುವಿಗೆ ಹರಡತಕ್ಕದ್ದು. ಅದು ಹೊಕ್ಕು ಕುಳಿತುಕೊಳ್ಳುವುದು ಯಕೃತ್ತಿನಲ್ಲಿ, ಎಂದರೆ ಈಲಿಯಲ್ಲಿ. ಬೆಳೆದವರಿಗೆ ತಗಲಿದರೆ ಬಹುಮಂದಿಗೆ ಕೆಲವು ತಿಂಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ನೂರಕ್ಕೆ ಐದಕ್ಕಿಂತ ಕಡಿಮೆ ಮಂದಿಯಲ್ಲಿ ಅದು ಬಿಡದೆ ಉಳಿಯುತ್ತದೆ. ಹಸುಗೂಸಿಗೆ ತಗಲಿದರೆ ಲೆಕ್ಕ ತಲೆಕೆಳಗು: ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಉಳಿದುಬಿಡುತ್ತದೆ. ಹೀಗೆ ಉಳಿದದ್ದು ಹತ್ತಾರು ವರ್ಷ ಸದ್ದಿಲ್ಲದೆ ಇದ್ದು, ಕೆಲವರಲ್ಲಿ ಈಲಿಯನ್ನು ಗಟ್ಟಿಗೊಳಿಸಿ ಕೆಡಿಸುತ್ತದೆ, ಕೆಲವರಲ್ಲಿ ಅರ್ಬುದಕ್ಕೂ ಕಾರಣವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಲೋಕದಲ್ಲಿ 25 ಕೋಟಿಗೂ ಹೆಚ್ಚು ಮಂದಿಯಲ್ಲಿ ಈ ವೈರಸ್ಸು ನೆಲೆಸಿತ್ತು. ಅವರಲ್ಲಿ ಸುಮಾರು 3 ಕೋಟಿ ಮಂದಿ ಭಾರತದವರು. ಇವರಲ್ಲಿ ಬಹುಪಾಲು ಜನರಿಗೆ ತಮ್ಮಲ್ಲಿ ಅದು ಇರುವುದೇ ತಿಳಿದಿಲ್ಲ. ಅವರು ಬೇರಾವುದೋ ಕಾಯಿಲೆಗೆಂದು ಆಸ್ಪತ್ರೆಗೆ ಬರುತ್ತಾರೆ, ರಕ್ತ ಕೊಡುತ್ತಾರೆ, ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತಾರೆ. ಆ ರಕ್ತ ತೆಗೆಯುವ ಕೈ ಎಷ್ಟೋ ಸಲ ಕಲಿಯುವವನದೇ.

ಕಲಿಯುವ ಕೈಗೆ ಸೂಜಿ ಚುಚ್ಚುವುದು ಸಹಜ. ಮಗ್ಗದ ಮುಂದೆ ಹೊಸಬ ಕುಳಿತರೆ ನೂಲು ಕಡಿಯದೆ ಇದ್ದೀತೆ? ರೋಗಿ ಫಕ್ಕನೆ ಅಲುಗುತ್ತಾನೆ; ಸೂಜಿಗೆ ಮುಚ್ಚಳವನ್ನು ಮತ್ತೆ ಸಿಕ್ಕಿಸಲು ಹೋಗಿ ಗುರಿ ತಪ್ಪುತ್ತದೆ; ಯಾರೋ ಬಟ್ಟೆಯೊಳಗೆ ಬಿಟ್ಟ ಸೂಜಿ ಇನ್ನಾರದೋ ಬೆರಳಿಗೆ ನಾಟುತ್ತದೆ. ಹೆಪಟೈಟಿಸ್ ಬಿ ಇರುವ ರೋಗಿಗೆ ಬಳಸಿದ ಸೂಜಿ, ರಕ್ಷಣೆಯಿಲ್ಲದ ನೂರು ಮಂದಿಗೆ ಚುಚ್ಚಿತೆನ್ನಿ: ರೋಗಿಯ ರಕ್ತದಲ್ಲಿ ವೈರಸ್ಸು ಎಷ್ಟಿದೆಯೆಂಬುದರ ಮೇಲೆ, ಆರರಿಂದ ಮೂವತ್ತು ಮಂದಿಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಮಂದಿಗೆ ಸೋಂಕು ತಗಲಬಹುದು. ಜನ ಬಹಳವಾಗಿ ಹೆದರುವ ಎಚ್‌ಐವಿಯ ಲೆಕ್ಕ ಸಾವಿರಕ್ಕೆ ಮೂರು ಮಾತ್ರ. ಅಲ್ಲದೆ ಈ ಬಿ ವೈರಸ್ಸು ಒಣಗಿದ ರಕ್ತದ ಕಲೆಯಲ್ಲಿಯೂ ಏಳು ದಿನ ಜೀವ ಹಿಡಿದಿರಬಲ್ಲುದು.

ಈ ವೈರಸ್ಸಿನ ಕಥೆಯೂ ಪ್ರಯೋಗಶಾಲೆಯ ಕೆಲಸಗಾರರೊಂದಿಗೇ ಹೆಣೆದುಕೊಂಡಿದೆ. ಅಮೆರಿಕದ ಬರೂಕ್ ಬ್ಲುಂಬರ್ಗ್ ಎಂಬ ವಿಜ್ಞಾನಿ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಅಪರಿಚಿತವಾದ ಒಂದು ಪದಾರ್ಥವನ್ನು ಕಂಡು, ಅದನ್ನು 1965ರಲ್ಲಿ ಲೋಕಕ್ಕೆ ತಿಳಿಸಿದರು. ಅದೇನೆಂಬುದು ಅವರಿಗೂ ಆಗ ಪೂರ್ತಿ ಗೊತ್ತಿರಲಿಲ್ಲ. 1967ರಲ್ಲಿ ಅವರದೇ ಪ್ರಯೋಗಶಾಲೆಯ ಸಹಾಯಕಿಯೊಬ್ಬರಿಗೆ ಮೈ ಸರಿಯಿಲ್ಲದಂತಾಯಿತು. ಆಕೆ ತಮ್ಮ ರಕ್ತವನ್ನೇ ಪರೀಕ್ಷೆಗೆ ಇಟ್ಟರು. ಮಾರನೆಯ ಬೆಳಗ್ಗೆ ನೋಡಿದರೆ ಆ ಪದಾರ್ಥದ ಗೆರೆ ಮಸುಕಾಗಿ ಮೂಡಿತ್ತು. ಈ ಪರೀಕ್ಷೆಯಿಂದ ಕಾಮಾಲೆಯೆಂದು ಗುರುತಿಸಲ್ಪಟ್ಟ ಮೊದಲನೆಯವರು ಆಕೆಯೇ. ಅದೃಷ್ಟವಶಾತ್ ಗುಣಮುಖರಾದರು. ಬ್ಲುಂಬರ್ಗರಿಗೆ 1976ರಲ್ಲಿ ನೊಬೆಲ್ ಬಹುಮಾನ ಬಂದಿತು.

ಆ ಪದಾರ್ಥ ವೈರಸ್ಸಿನ ಹೊರ ಅಂಗಿಯ ತುಂಡು. ಲಸಿಕೆಯಲ್ಲಿ ಇರುವುದೂ ಆ ಅಂಗಿ ಮಾತ್ರ, ವೈರಸ್ಸಲ್ಲ. ಕಳ್ಳನ ಅಂಗಿಯನ್ನು ಕಾವಲುಗಾರನಿಗೆ ತೋರಿಸಿ, ಇದನ್ನು ತೊಟ್ಟವನು ಬಂದರೆ ಹಿಡಿ ಎಂದು ಹೇಳಿದ ಹಾಗೆ. ಅಮೆರಿಕದಲ್ಲಿ 1981ರಲ್ಲಿ ಒಪ್ಪಿಗೆ ಪಡೆದ ಮೊದಲ ಲಸಿಕೆಯಲ್ಲಿ ಈ ಅಂಗಿಯನ್ನು ಸೋಂಕಿತರ ರಕ್ತರಸದಿಂದಲೇ ಶುದ್ಧಿಮಾಡಿ ತೆಗೆಯುತ್ತಿದ್ದರು. ಏಡ್ಸಿನ ಭಯ ಹರಡಿದ ಆ ದಿನಗಳಲ್ಲಿ ಆಸ್ಪತ್ರೆಯ ನೌಕರರೇ ಅನೇಕರು ಅದಕ್ಕೆ ತೋಳು ಕೊಡಲು ಹಿಂಜರಿದರು. 1986ರಿಂದ ಯೀಸ್ಟಿನಲ್ಲಿ, ಎಂದರೆ ಬ್ರೆಡ್ಡನ್ನು ಉಬ್ಬಿಸುವ ಆ ಸೂಕ್ಷ್ಮಜೀವಿಯಲ್ಲಿ, ಈ ಅಂಗಿಯನ್ನು ತಯಾರಿಸುವ ಕ್ರಮ ಬಂದಿತು. ರಕ್ತದ ಪ್ರಶ್ನೆಯೇ ಉಳಿಯಲಿಲ್ಲ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೊಟೆಕ್ನಿಕ್ಸ್ ಸಂಸ್ಥೆ ಇದೇ ಕ್ರಮದಲ್ಲಿ ಮಾಡಿದ ಲಸಿಕೆಯನ್ನು ಹೊರತಂದ ಮೇಲೆ ನಮ್ಮಲ್ಲಿ ಅದರ ಬೆಲೆ ಬಹಳವಾಗಿ ಇಳಿಯಿತು.

ಹಾಗಾದರೆ ಕೆಲವರಿಗೆ ಇದು ಫಲಿಸದಿರುವುದೇಕೆ? ಹಾಲಿಗೆ ಹೆಪ್ಪು ಹಾಕಿದ ಗೃಹಿಣಿಗೆ ಇದು ಹೊಸ ಸಂಗತಿಯಲ್ಲ. ಒಂದೇ ಹೆಪ್ಪು, ಒಂದೇ ಹಾಲು, ಒಂದು ಪಾತ್ರೆಯಲ್ಲಿ ಗಟ್ಟಿಯಾಗಿ ನಿಂತದ್ದು ಇನ್ನೊಂದರಲ್ಲಿ ನೀರಾಗಿಯೇ ಇರುತ್ತದೆ. ಕೆಲವು ಕಾರಣಗಳು ಗೊತ್ತಾಗಿವೆ. ವಯಸ್ಸು ಮೊದಲನೆಯದು: ನಲವತ್ತು ದಾಟಿದ ಮೇಲೆ ಫಲ ಕಡಿಮೆಯಾಗುತ್ತ ಬಂದು, ಅರುವತ್ತರ ವೇಳೆಗೆ ನೂರಕ್ಕೆ ಎಪ್ಪತ್ತೈದು ಮಂದಿಗೆ ಮಾತ್ರ ಫಲಿಸುತ್ತದೆ. ಸ್ಥೂಲಕಾಯರಿಗೆ, ಧೂಮಪಾನಿಗಳಿಗೆ, ಮೂತ್ರಪಿಂಡದ ಕಾಯಿಲೆಯವರಿಗೆ ಫಲ ಕಡಿಮೆ. ಗಂಡಸರಿಗಿಂತ ಹೆಂಗಸರಿಗೆ ಸ್ವಲ್ಪ ಹೆಚ್ಚು. ಲಸಿಕೆ ಹಾಕುವ ಜಾಗವೂ ಮುಖ್ಯ. ಅಮೆರಿಕದ ಕೆಲವು ಆಸ್ಪತ್ರೆಗಳಲ್ಲಿ ನೌಕರರಿಗೆ ಇದನ್ನು ಪೃಷ್ಠಕ್ಕೆ ಚುಚ್ಚಿದ್ದರಿಂದ ಮದ್ದು ಕೊಬ್ಬಿನಲ್ಲಿಯೇ ಉಳಿದು ಫಲ ತಗ್ಗಿದ್ದು 1985ರಲ್ಲಿ ಬಯಲಾಯಿತು. ಅಂದಿನಿಂದ ಬೆಳೆದವರಿಗೆ ತೋಳಿಗೇ ಹಾಕಬೇಕೆಂಬ ನಿಯಮ ಬಂದಿದೆ. ಮದ್ದು ಹೆಪ್ಪುಗಟ್ಟಿದರೂ ಕೆಟ್ಟಿತೆಂದೇ ಲೆಕ್ಕ. ತಣ್ಣಗಿದ್ದಷ್ಟೂ ಒಳ್ಳೆಯದೆಂದು ಶೀತಪೆಟ್ಟಿಗೆಯ ಮಂಜಿನ ಖಾನೆಯಲ್ಲಿಟ್ಟ ಲಸಿಕೆ ಕೆಲಸಕ್ಕೆ ಬಾರದು. 2ರಿಂದ 8 ಡಿಗ್ರಿ ಸೆಲ್ಸಿಯಸ್ ಅದಕ್ಕೆ ತಕ್ಕ ಶೈತ್ಯ.

ಇವೆಲ್ಲ ಸರಿಯಿದ್ದೂ, ಇಪ್ಪತ್ತು ವರ್ಷದ ತೆಳ್ಳನೆಯ ಆರೋಗ್ಯವಂತ ಹುಡುಗಿಗೆ ಲಸಿಕೆ ಫಲಿಸದೆ ಇರುವುದುಂಟು. ಪರಕೀಯ ವಸ್ತುವನ್ನು ಹಿಡಿದು ರಕ್ಷಕ ಕಣಗಳಿಗೆ ತೋರಿಸುವ ಅಣುಗಳು ನಮ್ಮ ಜೀವಕೋಶಗಳ ಮೇಲಿವೆ. ಅವುಗಳ ಮಾದರಿ ತಂದೆ ತಾಯಿಗಳಿಂದ ಬರತಕ್ಕದ್ದು. ಕೆಲವು ಮಾದರಿಗಳು ಈ ಒಂದು ಅಂಗಿಯನ್ನು ಸರಿಯಾಗಿ ಹಿಡಿದು ತೋರಿಸಲಾರವು. ಮಿಕ್ಕೆಲ್ಲ ರೋಗಗಳ ಮುಂದೆ ಆಕೆಯ ದೇಹ ಚೆನ್ನಾಗಿಯೇ ಕಾದಾಡುತ್ತದೆ. ಆದ್ದರಿಂದ ಲಸಿಕೆ ಫಲಿಸದವರನ್ನು ದುರ್ಬಲರೆಂದಾಗಲಿ ರೋಗಿಗಳೆಂದಾಗಲಿ ತಿಳಿಯುವುದು ಶುದ್ಧ ತಪ್ಪು. ಅವರಿಂದ ಇತರರಿಗೆ ಏನೂ ಅಂಟುವುದಿಲ್ಲ. ಕೊಡೆಯಿಲ್ಲದವನು ಮಳೆಯಲ್ಲಿ ನೆನೆದಿದ್ದಾನೆಂದು ಹೇಳಬಹುದೆ? ಮಳೆ ಬಂದಾಗಲಲ್ಲವೆ ಆ ಮಾತು!

ಈಗ ಮುಖ್ಯ ವಿಷಯಕ್ಕೆ ಬರೋಣ. ಲಸಿಕೆಯನ್ನು ಸಾಮಾನ್ಯವಾಗಿ ಮೊದಲ ದಿನ, ಒಂದು ತಿಂಗಳ ಮೇಲೆ, ಆರನೆಯ ತಿಂಗಳಿಗೆ, ಹೀಗೆ ಮೂರು ಸಲ ಹಾಕುತ್ತಾರೆ. ಮೂರನೆಯದು ಆದ ಒಂದು ಎರಡು ತಿಂಗಳೊಳಗೆ ರಕ್ತ ಪರೀಕ್ಷೆ ಮಾಡಿಸಬೇಕು. ಸಿಡುಬಿನ ಗುಳ್ಳೆ ಹೇಳುತ್ತಿದ್ದುದನ್ನು ಈಗ ಹೇಳುವುದು ಈ ಪರೀಕ್ಷೆ. ಲಸಿಕೆ ಫಲಿಸಿದ್ದರೆ ರಕ್ತದಲ್ಲಿ ಪ್ರತಿಕಾಯಗಳು, ಎಂದರೆ ವೈರಸ್ಸನ್ನು ಹಿಡಿಯುವ ರಕ್ಷಕ ಪದಾರ್ಥಗಳು, ಹುಟ್ಟಿರುತ್ತವೆ. ಅವು ಒಂದು ಮಿಲಿಲೀಟರಿನಲ್ಲಿ 10 ಮಿಲಿ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ರಕ್ಷಣೆ ಬಂದಿತೆಂದು ಎಣಿಕೆ. ಬ್ರಿಟನ್ನಿನಲ್ಲಿ 100 ಇರುವುದು ಮೇಲೆನ್ನುತ್ತಾರೆ. 10ಕ್ಕೂ 100ಕ್ಕೂ ನಡುವೆ ಇದ್ದವರಿಗೆ ಇನ್ನೊಂದು ಚುಚ್ಚುಮದ್ದು ಹಾಕುತ್ತಾರೆ. ಒಮ್ಮೆ ಫಲಿಸಿದವರಲ್ಲಿ ವರ್ಷಗಳು ಕಳೆದಂತೆ ಈ ಅಂಕಿ ಇಳಿದರೂ, ಆರೋಗ್ಯವಂತರಾದವರು ಹೆದರಬೇಕಾದುದಿಲ್ಲ. ಈ ವೈರಸ್ಸು ಮೈಯೊಳಗೆ ಬೆಳೆದು ರೋಗವಾಗಲು ಎರಡರಿಂದ ಐದು ತಿಂಗಳು ಬೇಕು. ಕಾವಲುಗಾರನಿಗೆ ಹಳೆಯ ನೆನಪು ಮರುಕಳಿಸಲು ಅಷ್ಟು ಕಾಲ ಧಾರಾಳವಾಗಿ ಸಾಕು.

ಪರೀಕ್ಷೆಯ ವರದಿಯನ್ನು ಓದುವಾಗ ಮನೆಯವರು ಬೆಚ್ಚಿಬೀಳುವುದುಂಟು. ಹೆಪಟೈಟಿಸ್ ಬಿ ಸಂಬಂಧವಾಗಿ ಎರಡು ಪರೀಕ್ಷೆಗಳ ಹೆಸರು ಬಹು ಹತ್ತಿರದ ಹೋಲಿಕೆಯವು. ಎಚ್‌ಬಿಎಸ್ ಎಜಿ ಎಂಬುದು ವೈರಸ್ಸಿನ ಅಂಗಿಯನ್ನೇ ಹುಡುಕುವ ಪರೀಕ್ಷೆ. ಅದು ಪಾಸಿಟಿವ್ ಎಂದರೆ ವೈರಸ್ಸು ಮೈಯಲ್ಲಿದೆ. ಆಂಟಿ ಎಚ್‌ಬಿಎಸ್ ಎಂಬುದು ಪ್ರತಿಕಾಯವನ್ನು ಅಳೆಯುವ ಪರೀಕ್ಷೆ. ಅದು ಪಾಸಿಟಿವ್ ಎಂದರೆ ರಕ್ಷಣೆಯಿದೆ, ಸಂತೋಷಪಡಬೇಕಾದ ಮಾತು. ಮೊದಲನೆಯದಕ್ಕೆ ಎರಡನೆಯದೆಂದು ತಿಳಿದು ನಿಶ್ಚಿಂತರಾಗುವುದೂ, ಎರಡನೆಯದಕ್ಕೆ ಮೊದಲನೆಯದೆಂದು ತಿಳಿದು ಕಣ್ಣೀರು ಹಾಕುವುದೂ ಎರಡೂ ಕೂಡದು. ಲಸಿಕೆಯ ಫಲ ನೋಡಲು ಬೇಕಾದದ್ದು ಎರಡನೆಯದು. ಅದನ್ನೂ ಪಾಸಿಟಿವ್, ನೆಗೆಟಿವ್ ಎಂಬ ಬರಿಯ ಮಾತಿನಲ್ಲಲ್ಲ, ಅಂಕಿಯಲ್ಲಿ ಬರೆಸಿಕೊಳ್ಳಬೇಕು.

ಅಂಕಿ 10ಕ್ಕಿಂತ ಕಡಿಮೆ ಬಂದಿತೆನ್ನಿ. ಆಗ ಮತ್ತೆ ಮೊದಲಿನಂತೆಯೇ ಮೂರು ಚುಚ್ಚುಮದ್ದಿನ ಇನ್ನೊಂದು ಸುತ್ತು, ಅದಾದ ಮೇಲೆ ಮತ್ತೆ ಪರೀಕ್ಷೆ. ಮೊದಲ ಸುತ್ತಿನಲ್ಲಿ ಫಲಿಸದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ, ಕೆಲವು ಕಡೆ ಇನ್ನೂ ಹೆಚ್ಚು ಮಂದಿಗೆ, ಎರಡನೆಯ ಸುತ್ತಿನಲ್ಲಿ ಫಲಿಸಿದೆ. ಒಂದು ಸಲಕ್ಕೇ ಮನಸ್ಸು ಮುರಿದುಕೊಳ್ಳಬೇಕಾದುದಿಲ್ಲ.

ಆರು ಚುಚ್ಚುಮದ್ದಿಗೂ ಫಲ ಕಾಣದಿದ್ದರೆ ಮಾತ್ರ ಇನ್ನೊಂದು ವಿಷಯವನ್ನು ನೋಡಲೇಬೇಕು. ವೈರಸ್ಸು ಮೊದಲೇ ಒಳಗಿದ್ದವರಿಗೆ ಲಸಿಕೆ ಫಲಿಸುವುದಿಲ್ಲ. ಹುಟ್ಟುವಾಗಲೇ ತಾಯಿಯಿಂದ ಬಂದು ಇಪ್ಪತ್ತು ವರ್ಷ ಯಾವ ಸುಳಿವೂ ಕೊಡದೆ ಇದ್ದುದು ಹೀಗೆ ಬೆಳಕಿಗೆ ಬರಬಹುದು. ಆದ್ದರಿಂದ ಎಚ್‌ಬಿಎಸ್ ಎಜಿ ಪರೀಕ್ಷೆಯನ್ನೂ, ವೈರಸ್ಸಿನ ಒಳತಿರುಳಿಗೆ ಸಂಬಂಧಿಸಿದ ಇನ್ನೊಂದು ಪ್ರತಿಕಾಯದ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಸೋಂಕು ಇದೆಯೆಂದು ತಿಳಿದರೆ ತಾಯಿ, ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳುವುದು ಮೇಲು. ಮಕ್ಕಳಿಗೆ ಬೈಯುವುದಕ್ಕೂ ತಾಯಿಯನ್ನು ಹೊಣೆ ಮಾಡುವುದಕ್ಕೂ ಇದು ಸಂದರ್ಭವಲ್ಲ. ಈ ವೈರಸ್ಸನ್ನು ಹತ್ತಿಕ್ಕುವ ಒಳ್ಳೆಯ ಗುಳಿಗೆಗಳಿವೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಅವನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ವಿದ್ಯೆಯನ್ನು ಬಿಡಬೇಕಾಗಿಯೂ ಇಲ್ಲ. ಅಮೆರಿಕದ ರೋಗನಿಯಂತ್ರಣ ಕೇಂದ್ರವು 2012ರಲ್ಲಿ ಈ ಸೋಂಕೊಂದೇ ವೈದ್ಯಕೀಯ ವಿದ್ಯಾರ್ಥಿಯನ್ನು ಹೊರಗಿಡಲು ಕಾರಣವಾಗಕೂಡದೆಂದು ಹೇಳಿತು. ಮರುವರ್ಷ ಅಲ್ಲಿನ ನ್ಯಾಯ ಇಲಾಖೆ, ಸೋಂಕಿನ ಕಾರಣದಿಂದ ಪ್ರವೇಶ ನಿರಾಕರಿಸಿದ್ದ ಒಂದು ವಿದ್ಯಾಲಯ ತನ್ನ ನಿಲುವನ್ನು ಬದಲಿಸುವಂತೆ ಮಾಡಿತು. ಕೆಲವು ಬಗೆಯ ಶಸ್ತ್ರಚಿಕಿತ್ಸೆಗಳನ್ನು ಮಾಡುವವರು ಮಾತ್ರ ರಕ್ತದಲ್ಲಿ ವೈರಸ್ಸಿನ ಪ್ರಮಾಣ ಎಷ್ಟಿದೆಯೆಂದು ಕಾಲಕಾಲಕ್ಕೆ ನೋಡಿಸಿಕೊಳ್ಳಬೇಕಾಗುತ್ತದೆ.

ಸೋಂಕೂ ಇಲ್ಲ, ಲಸಿಕೆಯೂ ಫಲಿಸಲಿಲ್ಲ ಎಂಬವರೇ ನಿಜವಾಗಿ ಲಸಿಕೆ ಫಲಿಸದವರು. ಅವರಿಗಾಗಿ ಹೊಸ ಪ್ರಯತ್ನಗಳು ನಡೆದಿವೆ. ಅಂಗಿಯ ಜೊತೆಗೆ ಕಾವಲುಗಾರನನ್ನು ಬಲವಾಗಿ ಎಚ್ಚರಿಸುವ ಪದಾರ್ಥವನ್ನು ಸೇರಿಸಿದ ಒಂದು ಲಸಿಕೆಗೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ದೊರೆಯಿತು. ಹಳೆಯ ಲಸಿಕೆ ಫಲಿಸದವರಲ್ಲಿಯೂ ಅದು ಒಳ್ಳೆಯ ಫಲ ಕೊಟ್ಟಿದೆ. ಅಂತಹುದು ಕೈಗೆ ಸಿಗುವವರೆಗೆ ಇವರು ರಕ್ಷಣೆಯಿಲ್ಲದವರೆಂದೇ ತಿಳಿದು ಕೆಲಸ ಮಾಡಬೇಕು, ಕೆಲಸವನ್ನು ಬಿಡಬೇಕಾಗಿಲ್ಲ. ಕೈಚೀಲ, ಕನ್ನಡಕ, ಬಳಸಿದ ಸೂಜಿಗೆ ಮುಚ್ಚಳ ಹಾಕದೆ ನೇರವಾಗಿ ಚುಚ್ಚದ ಗಟ್ಟಿ ಡಬ್ಬಿಗೆ ಹಾಕುವುದು, ಇವು ಎಲ್ಲರಿಗೂ ಹೇಳುವ ನಿಯಮಗಳೇ. ಎಲ್ಲರೂ ಪಾಲಿಸುವರೆಂದು ನಾನು ಹೇಳಲಾರೆ.

ನಮ್ಮ ರಾಜ್ಯಕ್ಕೆ ಇನ್ನೊಂದು ತೊಡಕು ಈಗ ತಾನೆ ಎದುರಾಗಿದೆ. ಶಿಶುಗಳಿಗೆ ಈ ಲಸಿಕೆಯನ್ನು ಸರಕಾರದ ವತಿಯಿಂದ ಹಾಕುವ ಕೆಲಸ 2002ರಲ್ಲಿ ಕೆಲವು ಕಡೆ ಪ್ರಯೋಗವಾಗಿ ಮೊದಲಾಗಿ, 2007-08ರಲ್ಲಿ ಹತ್ತು ರಾಜ್ಯಗಳಿಗೆ ಹಬ್ಬಿತು. ಅವುಗಳಲ್ಲಿ ಕರ್ನಾಟಕವೂ ಒಂದು. 2011ರಲ್ಲಿ ಇಡೀ ದೇಶಕ್ಕೆ ಬಂದಿತು. ಮೊದಲು ಲಸಿಕೆ ಪಡೆದ ಆ ಕೂಸುಗಳು ಈಗ ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದಾರೆ. ಇವರ ರಕ್ತ ನೋಡಿದರೆ ಅನೇಕರಲ್ಲಿ ಅಂಕಿ 10ಕ್ಕಿಂತ ಕೆಳಗಿರುತ್ತದೆ. ಇವರಿಗೆ ಲಸಿಕೆ ಫಲಿಸಿಯೇ ಇರಲಿಲ್ಲವೋ, ಫಲಿಸಿ ಕಾಲಕ್ರಮದಲ್ಲಿ ಅಂಕಿ ಇಳಿಯಿತೋ? ಇದನ್ನು ತಿಳಿಯುವ ಉಪಾಯ ಸುಲಭವಾಗಿದೆ. ಒಂದೇ ಒಂದು ಚುಚ್ಚುಮದ್ದು ಹಾಕಿ, ಒಂದು ಎರಡು ತಿಂಗಳ ಮೇಲೆ ಮತ್ತೆ ಅಳೆಯುವುದು. ಹಳೆಯ ನೆನಪು ಇದ್ದರೆ ಅಂಕಿ ಜಿಗಿದು ಮೇಲೇರುತ್ತದೆ. ಏರದಿದ್ದರೆ ಉಳಿದೆರಡನ್ನೂ ಹಾಕಿ ಸುತ್ತನ್ನು ಪೂರ್ತಿಮಾಡಿ ಇನ್ನೊಮ್ಮೆ ನೋಡಬೇಕು. ಆದ್ದರಿಂದ ತಾಯಂದಿರ ಪೆಟ್ಟಿಗೆಯಲ್ಲಿರುವ ಹಳೆಯ ತಾಯಿಕಾರ್ಡನ್ನು ಎಸೆಯಬಾರದು. ಹದಿನೆಂಟು ವರ್ಷದ ಮೇಲೆ ಅದಕ್ಕೆ ಬೆಲೆ ಬಂದಿದೆ.

ಸೂಜಿ ಚುಚ್ಚಿಯೇಬಿಟ್ಟಿತೆನ್ನಿ. ಆಗ ಮಾಡತಕ್ಕದ್ದು: ಗಾಯವನ್ನು ಸೋಪು ನೀರಿನಿಂದ ತೊಳೆಯುವುದು. ಹಿಂಡಬಾರದು, ಬಾಯಿಗಿಟ್ಟು ಚೀಪಬಾರದು. ತೊಳೆದ ಕೂಡಲೆ ಮೇಲಿನವರಿಗೆ ತಿಳಿಸಬೇಕು. ತೊಡಕಿರುವುದು ಇಲ್ಲಿಯೇ. ವಾರ್ಡಿನ ಹಿರಿಯರು ಬೈದಾರು, ಅಜಾಗ್ರತೆಯೆಂದು ಬರೆದಾರು ಎಂಬ ಹೆದರಿಕೆಯಿಂದ ಎಷ್ಟೋ ಮಕ್ಕಳು ಬೆರಳಿಗೆ ಪಟ್ಟಿ ಸುತ್ತಿಕೊಂಡು ಸುಮ್ಮನಾಗುತ್ತಾರೆ. ಲಸಿಕೆ ಫಲಿಸಿದವರಿಗೆ ಬಿ ಕಾಮಾಲೆಯ ಮಟ್ಟಿಗೆ ಈ ಮೌನದಿಂದ ಕೆಡುಕಿಲ್ಲದಿರಬಹುದು. ಫಲಿಸದವರಿಗೆ ಒಂದೊಂದು ಗಂಟೆಯೂ ಮುಖ್ಯ. ಅವರ ಮೈ ತಾನಾಗಿ ಪ್ರತಿಕಾಯವನ್ನು ಮಾಡಲಾರದು; ಆದ್ದರಿಂದ ಇತರರ ರಕ್ತದಿಂದ ಸಂಗ್ರಹಿಸಿದ ಸಿದ್ಧ ಪ್ರತಿಕಾಯವನ್ನೇ ಚುಚ್ಚಬೇಕು. ಇದಕ್ಕೆ ಹೆಪಟೈಟಿಸ್ ಬಿ ಇಮ್ಯುನೊಗ್ಲಾಬ್ಯುಲಿನ್ ಎಂದು ಹೆಸರು. ತೂಕದ ಒಂದು ಕಿಲೋಗ್ರಾಮಿಗೆ 0.06 ಮಿಲಿಲೀಟರ್ ಎಂಬ ಲೆಕ್ಕ. ಐವತ್ತು ಕಿಲೋ ತೂಕದ ಹುಡುಗಿಗೆ 3 ಮಿಲಿಲೀಟರ್ ಆಯಿತು. ಸಾಧ್ಯವಾದಷ್ಟು ಬೇಗ, 24 ಗಂಟೆಯೊಳಗೆ ಕೊಡುವುದು ಉತ್ತಮ. ಏಳು ದಿನ ದಾಟಿದರೆ ಫಲವಿದೆಯೆಂದು ಹೇಳುವಂತಿಲ್ಲ. ಎರಡು ಸುತ್ತೂ ಫಲಿಸದವರಿಗೆ ಒಂದು ತಿಂಗಳ ಮೇಲೆ ಇನ್ನೊಂದು ಸಲ ಕೊಡುತ್ತಾರೆ. ಒಂದೇ ಸುತ್ತು ಆಗಿರುವವರಿಗೆ ಒಮ್ಮೆ ಇದನ್ನು ಕೊಟ್ಟು ಲಸಿಕೆಯ ಎರಡನೆಯ ಸುತ್ತನ್ನು ಆರಂಭಿಸುತ್ತಾರೆ. ಸೂಜಿ ಯಾವ ರೋಗಿಗೆ ಬಳಸಿದ್ದೆಂದು ಗೊತ್ತಿದ್ದರೆ ಆತನ ರಕ್ತವನ್ನೂ ಪರೀಕ್ಷಿಸುತ್ತಾರೆ. ಆತನಲ್ಲಿ ವೈರಸ್ಸಿಲ್ಲವೆಂದಾದರೆ ಇಷ್ಟೆಲ್ಲ ಬೇಕಾಗುವುದಿಲ್ಲ. ಇದ್ದರೆ, ಆರು ತಿಂಗಳ ಮೇಲೆ ವಿದ್ಯಾರ್ಥಿಯ ರಕ್ತವನ್ನು ಮತ್ತೊಮ್ಮೆ ನೋಡಬೇಕು.

ಈ ನಿರ್ಧಾರವನ್ನು ಸೂಜಿ ಚುಚ್ಚಿದ ಆ ಗಳಿಗೆಯಲ್ಲಿ ಸರಿಯಾಗಿ ಮಾಡಬೇಕಾದರೆ ವೈದ್ಯರಿಗೆ ಆ ಅಂಕಿ ಮೊದಲೇ ತಿಳಿದಿರಬೇಕು. ಮೂರು ತಾರೀಖಿನ ಚೀಟಿಯೊಂದನ್ನೇ ನೋಡಿದ ವೈದ್ಯರು, ಲಸಿಕೆ ಆಗಿದೆಯಲ್ಲ ಎಂದು ಕಳಿಸಿಬಿಟ್ಟಾರು. ನಮ್ಮಲ್ಲಿ ಲಸಿಕೆ ಹಾಕಿಸಬೇಕೆಂಬ ನಿಯಮ ಇಲ್ಲದಿಲ್ಲ. ಆಸ್ಪತ್ರೆಯ ತ್ಯಾಜ್ಯಕ್ಕೆ ಸಂಬಂಧಿಸಿದ 2016ರ ನಿಯಮಗಳು, ಅದನ್ನು ಮುಟ್ಟುವ ಎಲ್ಲ ಕೆಲಸಗಾರರಿಗೂ ಹೆಪಟೈಟಿಸ್ ಬಿ ಲಸಿಕೆ ಆಗಿರಬೇಕೆನ್ನುತ್ತವೆ. ನೆಲ ಒರೆಸುವವರೂ ಕಸ ಸಾಗಿಸುವವರೂ ಇದರಲ್ಲಿ ಸೇರಿದರು. ಆದರೆ ಹಾಕಿಸುವುದು ಬೇರೆ, ಫಲಿಸಿತೆ ಎಂದು ನೋಡುವುದು ಬೇರೆ. ಎರಡನೆಯದಕ್ಕೆ ಒಂದು ರಕ್ತ ಪರೀಕ್ಷೆಯ ಖರ್ಚು ಮಾತ್ರ. ಸಿದ್ಧ ಪ್ರತಿಕಾಯದ ಬೆಲೆಯ ಮುಂದೆ ಅದು ಏನೇನೂ ಅಲ್ಲ. ಮುಂದೆ ಬ್ರಿಟನ್ನಿನಂತಹ ದೇಶಗಳಿಗೆ ಹೋಗಿ ಶುಶ್ರೂಷೆಯ ಕೆಲಸಕ್ಕೆ ಸೇರಬೇಕೆನ್ನುವ ನಮ್ಮ ಹುಡುಗಿಯರನ್ನು ಅಲ್ಲಿನವರು ಕೇಳುವುದೂ ಆ ಅಂಕಿಯನ್ನೇ.

ಮಗನೋ ಮಗಳೋ ರಜೆಗೆ ಊರಿಗೆ ಬಂದಾಗ ಊಟ ತಿಂಡಿ, ಪರೀಕ್ಷೆಯ ಅಂಕಗಳ ವಿಚಾರದ ಜೊತೆಗೆ ಈ ಒಂದು ಅಂಕಿಯನ್ನೂ ವಿಚಾರಿಸಬಹುದು. ಅದು ಹತ್ತಕ್ಕಿಂತ ಕಡಿಮೆಯೆಂದು ತಿಳಿದಿದ್ದರೆ, ಅದನ್ನು ಬರೆದ ಚೀಟಿ ಕಾಲೇಜಿನ ಕಡತದಲ್ಲಿ ಮಾತ್ರವಲ್ಲ, ಅವರ ಕೈಚೀಲದಲ್ಲಿಯೂ ಇರಲಿ. ಮತ್ತು ಕೆಲಸಕ್ಕೆ ಹೋಗುವ ಆಸ್ಪತ್ರೆಯಲ್ಲಿ ಆ ಸಿದ್ಧ ಪ್ರತಿಕಾಯದ ಶೀಷೆ ಇದೆಯೆ, ಇಲ್ಲದಿದ್ದರೆ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ, ಭಾನುವಾರ ರಾತ್ರಿ ಸೂಜಿ ಚುಚ್ಚಿದರೆ ಆ ಶೀತಪೆಟ್ಟಿಗೆಯ ಬೀಗದಕೈ ಯಾರ ಬಳಿ ಇರುತ್ತದೆ ಎಂಬುದನ್ನು ಅವರು ಮೊದಲ ದಿನವೇ ಕೇಳಿಟ್ಟುಕೊಳ್ಳಲಿ.